ರೆಕ್ಕೆಯ ಮಡಿಕೆಯೊಳಗಿನ ಗುರುತು: ರಾಜೇಶ್ವರದ ಮಡ್ಡಿಯ ಪಟ್ಟಿರೆಕ್ಕೆ ಮಿಡತೆಗಳು

ಪಟ್ಟಿರೆಕ್ಕೆ ಮಿಡತೆಗಳು ಒಣನೆಲದ ಜೀವಿಗಳು. ಕೂತಾಗ ಕಾಲಡಿಯ ಮಣ್ಣಿನದೇ ಬಣ್ಣ. ಎದ್ದು ಹಾರಿದರೆ ಹಳದಿಯೋ ಕೆಂಪೋ ನೀಲಿಯೋ ಒಂದು ಮಿಂಚು, ಆ ಮಿಂಚಿನ ಅಂಚಿಗೆ ಕಮಾನಿನಂತೆ ಬಾಗಿದ ಕಪ್ಪು ಪಟ್ಟಿ. ನಾಲ್ಕು ಮಾರು ದೂರದಲ್ಲಿ ಇಳಿದ ಕೂಡಲೇ ಮತ್ತೆ ಬರೀ ಮಣ್ಣು, ಕಲ್ಲು. ಗಿಡ್ಡ ಮೀಸೆಯ ಮಿಡತೆಗಳ ದೊಡ್ಡ ಕುಟುಂಬವಾದ ಅಕ್ರಿಡಿಡೇಯಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರೊಳಗೆ ಈಡಿಪೋಡಿನೇ ಎಂಬ ಉಪಕುಟುಂಬವೇ ಈ ಪಟ್ಟಿರೆಕ್ಕೆಗಳದ್ದು, ಸುಮಾರು 800 ಪ್ರಭೇದಗಳ ಬಳಗ. ಸಹಾರಾದಿಂದ ಅರೇಬಿಯ, ಸಿಂಧ್, ಥಾರ್, ಕಚ್ಛ್‌ವರೆಗಿನ ಪಶ್ಚಿಮದ ಬರಡುನಾಡುಗಳು ಇದರ ದೊಡ್ಡ ನೆಲೆ. ಅಲ್ಲಿಂದ ದಕ್ಷಿಣಕ್ಕೆ ದಖ್ಖನ್ ಪ್ರಸ್ಥಭೂಮಿಗೂ ಬಳಗದ ಕೆಲವು ಕವಲುಗಳು ಚಾಚಿವೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ, ಹುಮನಾಬಾದ್ ದಾಟಿ ಪುಣೆಯ ಕಡೆ ಹೋಗುವ ಹೆದ್ದಾರಿಯ ಮೇಲಿನ ಊರು. ಇದು ಮರುಭೂಮಿಯಲ್ಲ, ಅರೆಒಣ ಸೀಮೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಉಳಿದ ಎಂಟು ತಿಂಗಳು ನೆಲ ಒಣಗುತ್ತಲೇ ಇರುತ್ತದೆ. ಬಸಾಲ್ಟ್ ಶಿಲೆ ಶಿಥಿಲವಾಗಿ ಆದ ಕಪ್ಪು ಎರೆಭೂಮಿ ಒಂದೆಡೆ, ಜಂಬಿಟ್ಟಿಗೆಯ ಕೆಂಪು ಮುರಂ ಇನ್ನೊಂದೆಡೆ. ಇವೆರಡರ ನಡುವೆ ಬೆಳೆಗೂ ಬಾರದ, ಕಾಡೂ ಅಲ್ಲದ ಮಡ್ಡಿ, ದನ ಕುರಿ ಮೇಯುವ ಗಾಯರಾಣ, ಬಂಡಿ ಓಡಾಡಿ ಗಟ್ಟಿಯಾದ ಹಾದಿ, ಹೊಲದ ಬದು. ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ಕಡಲೆಯ ಲೆಕ್ಕದಲ್ಲಿ ಈ ತುಂಡು ನೆಲಗಳು ಬರುವುದಿಲ್ಲ. ಪಟ್ಟಿರೆಕ್ಕೆ ಮಿಡತೆಗೆ ಬೇಕಾದದ್ದು ಇವೇ. ಅದಕ್ಕೆ ದಟ್ಟ ಹಸಿರು ಬೇಡ. ಬಿಸಿಲಿಗೆ ತೆರೆದ ಬರಿಯ ಮಣ್ಣು, ಅಲ್ಲೊಂದು ಇಲ್ಲೊಂದು ಹುಲ್ಲಿನ ಬುಡ ಇದ್ದರೆ ಸಾಕು.

ಈ ಗಡಿಸೀಮೆಯಲ್ಲಿ ಮಿಡತೆಗೆ ನಾಲ್ಕು ಭಾಷೆಯ ಹೆಸರುಗಳು ಓಡಾಡುತ್ತವೆ: ಕನ್ನಡದ ಮಿಡತೆ ಅಥವಾ ಮಿಡಚಿ, ಮರಾಠಿಯ ನಾಕತೋಡಾ, ಉರ್ದುವಿನ ಟಿಡ್ಡಾ, ತೆಲುಗಿನ ಮಿಡತ. ಇವೆಲ್ಲ ಇಡೀ ಜಾತಿಗೆ ಸಲ್ಲುವ ಹೆಸರುಗಳು. ಮಡ್ಡಿಯ ಮೇಲೆ ಪುರ್ ಎಂದು ಏಳುವ ಮಣ್ಣುಬಣ್ಣದ ಮಿಡತೆ ಯಾವುದು ಎಂದು ತಿಳಿಯಲು ಅದರ ಮೈಯನ್ನೇ ಓದಬೇಕು. ಆ ಓದಿನಲ್ಲಿ ಮೊದಲು ಕೈಬಿಡಬೇಕಾದದ್ದು ಕಣ್ಣಿಗೆ ಮೊದಲು ಬೀಳುವ ಮೈಬಣ್ಣವನ್ನೇ.

ಬಣ್ಣವನ್ನು ನಂಬಬಾರದು ಎನ್ನಲು ಗಟ್ಟಿ ಕಾರಣವಿದೆ. ಈ ಬಳಗದ ಹಲವು ಪ್ರಭೇದಗಳಲ್ಲಿ ಮರಿ ಬೆಳೆಯುತ್ತ ಪೊರೆ ಕಳಚುವಾಗ, ತಾನಿರುವ ನೆಲದ ಬಣ್ಣಕ್ಕೆ ತನ್ನ ಮೈಬಣ್ಣವನ್ನು ಹೊಂದಿಸಿಕೊಳ್ಳುತ್ತದೆ. ಕಪ್ಪು ನೆಲದಲ್ಲಿ ಬೆಳೆದದ್ದು ಕಪ್ಪಗೆ, ಕೆಂಪು ನೆಲದಲ್ಲಿ ಬೆಳೆದದ್ದು ಕಂದುಗೆಂಪಗೆ. ಬೆಂಕಿ ಬಿದ್ದು ಕರಿಕಾದ ಹುಲ್ಲುಗಾವಲಿನಲ್ಲಿ ಮಿಡತೆಗಳು ಮಸಿಗಪ್ಪಾಗುವುದನ್ನು ಆಫ್ರಿಕದಲ್ಲಿ ಕೀಟತಜ್ಞರು ನೂರು ವರ್ಷದ ಹಿಂದೆಯೇ ಗಮನಿಸಿದ್ದಾರೆ. ಹಾಗಾಗಿ ಎರೆಹೊಲದ ಕರಿ ಮಿಡತೆ, ಮುರಂ ದಿಬ್ಬದ ಕೆಂಪು ಮಿಡತೆ ಎರಡೂ ಒಂದೇ ಪ್ರಭೇದವಾಗಿರಬಹುದು. ಪಕ್ಕಪಕ್ಕದಲ್ಲಿ ಕೂತ ಒಂದೇ ಬಣ್ಣದ ಎರಡು ಮಿಡತೆ ಬೇರೆ ಬೇರೆ ಕುಲದವೂ ಆಗಿರಬಹುದು. ಎರೆ ಮತ್ತು ಮುರಂ ಒಂದೇ ಬದುವಿನ ಎರಡು ಮಗ್ಗುಲಲ್ಲಿ ಸಿಗುವ ರಾಜೇಶ್ವರದಂಥ ಊರಿನಲ್ಲಿ ಈ ಮಾತನ್ನು ಮರೆತರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಗುರುತಿಸುವ ಕೆಲಸ ಮೀಸೆಯಿಂದ ಶುರುವಾಗಬೇಕು. ಮೀಸೆ ಮೈಗಿಂತ ಉದ್ದವಾಗಿ ದಾರದಂತೆ ಇದ್ದರೆ ಅದು ಜೀರುಂಡೆ, ಎಲೆಮಿಡತೆಗಳ ಗುಂಪು, ಇಲ್ಲಿಗೆ ಸಂಬಂಧಿಸಿದ್ದಲ್ಲ. ಮೀಸೆ ಗಿಡ್ಡವಾಗಿದ್ದರೆ ಮಿಡತೆಯನ್ನು ಮೆಲ್ಲಗೆ ಮಲಗಿಸಿ ಮುಂಗಾಲುಗಳ ನಡುವೆ, ಗಂಟಲಿನ ಕೆಳಗೆ ನೋಡಬೇಕು. ಅಲ್ಲಿ ಮೊಳೆಯಂಥ ಸಣ್ಣ ಗುಬಟು ಇದ್ದರೆ ಅದು ಪಟ್ಟಿರೆಕ್ಕೆ ಅಲ್ಲ. ಮರುಭೂಮಿ ಮಿಡತೆ, ಬಾಂಬೆ ಮಿಡತೆ, ಕಬ್ಬು ಭತ್ತದಲ್ಲಿ ಕಾಣುವ ಹಲವು ಹಸಿರು ಮಿಡತೆಗಳಿಗೆ ಈ ಗಂಟಲಮೊಳೆ ಉಂಟು. ಪಟ್ಟಿರೆಕ್ಕೆಗಳ ಗಂಟಲು ನುಣುಪು. ಭೂತಗನ್ನಡಿಯಲ್ಲಿ ಒಂದು ನಿಮಿಷ ನೋಡಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ. ಮಿಡತೆಗಳ ಗುರುತಿನಲ್ಲಿ ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ.

ರಾಜೇಶ್ವರದಂಥ ಕಡೆ ಹೆಚ್ಚು ಮೋಸ ಮಾಡುವುದು ಕ್ರೋಟೊಗೋನಸ್ ಎಂಬ ನೆಲಮಿಡತೆ. ಎರೆಹೊಲದ ಮಣ್ಣಹೆಂಟೆಯಂತೆಯೇ ಒರಟು, ಚಪ್ಪಟೆ, ಗುಳ್ಳೆಗುಳ್ಳೆ ಮೈ. ಮೊಳಕೆಯೊಡೆದ ಸಸಿಗಳನ್ನು ಬುಡದಲ್ಲೇ ಕತ್ತರಿಸುವ ಚಾಳಿ. ಮಣ್ಣುಬಣ್ಣ ಎಂಬ ಒಂದೇ ಕಾರಣಕ್ಕೆ ಅದನ್ನು ಪಟ್ಟಿರೆಕ್ಕೆ ಎಂದುಕೊಳ್ಳುವುದುಂಟು. ಅದರ ತಲೆ ಮುಂದಕ್ಕೆ ಚೂಪು, ತಲೆಯ ತುದಿಯಲ್ಲಿ ಉಗುರಿನಿಂದ ಗೀರಿದಂಥ ಸಣ್ಣ ಸೀಳುಗೆರೆ ಇರುತ್ತದೆ. ಆ ಗೆರೆ ಇರುವವೆಲ್ಲ ಪಿರ್ಗೊಮಾರ್ಫಿಡೇ ಎಂಬ ಬೇರೆ ಕುಟುಂಬದವು. ಎಕ್ಕದ ಗಿಡದ ಬಣ್ಣಬಣ್ಣದ ಮಿಡತೆಯೂ ಅದೇ ಕುಟುಂಬ.

ಗಂಟಲು, ತಲೆ ಎರಡೂ ಪಾಸಾದರೆ ಬೆನ್ನತಟ್ಟೆಗೆ ಬರಬೇಕು. ತಲೆಯ ಹಿಂದೆ, ಕುದುರೆಯ ಜೀನು ಹಾಕಿದಂತೆ ಕೂತಿರುವ ಗಟ್ಟಿ ತಟ್ಟೆ ಅದು. ಅದರ ನಡುವೆ ಉದ್ದಕ್ಕೆ ಒಂದು ಏಣು ಇರುತ್ತದೆ. ಆ ಏಣು ಎತ್ತರವೋ ತಗ್ಗೋ, ಇಡಿಯಾಗಿದೆಯೋ ತುಂಡಾಗಿದೆಯೋ, ತುಂಡಾಗಿದ್ದರೆ ಎಷ್ಟು ಕಡೆ ಎಂಬುದರಲ್ಲಿಯೇ ಕುಲದ ಹೆಸರು ಅಡಗಿದೆ. ಮೈಬಣ್ಣ ನೆಲಕ್ಕೆ ತಕ್ಕಂತೆ ಬದಲಾದರೂ ಏಣು ಬದಲಾಗುವುದಿಲ್ಲ.

ಕೊನೆಯದು ಹಿಂರೆಕ್ಕೆ. ಮೇಲಿನ ಒರಟು ರೆಕ್ಕೆಯ ಕೆಳಗೆ ಬೀಸಣಿಗೆಯಂತೆ ಮಡಿಚಿಟ್ಟ ಇದು ಕೂತ ಮಿಡತೆಯಲ್ಲಿ ಕಾಣುವುದೇ ಇಲ್ಲ. ಅದನ್ನು ನೋಡಲು ಬೆಳಗಿನ ತಂಪಿನಲ್ಲಿ ಹೋಗಬೇಕು. ಆಗ ಮಿಡತೆಗೆ ಚುರುಕಿರುವುದಿಲ್ಲ, ಮೈ ಕಾಯಿಸಿಕೊಳ್ಳಲು ಬಿಸಿಲಿಗೆ ಮಗ್ಗುಲು ಕೊಟ್ಟು ಕೂತಿರುತ್ತದೆ. ಬಿಸಿಲೇರಿ ನೆಲ ಕಾದರೆ ಅದೇ ಮಿಡತೆ ಕಾಲು ನೀಳ ಮಾಡಿ ಮೈಯನ್ನು ನೆಲದಿಂದ ಎತ್ತಿ ನಿಲ್ಲುತ್ತದೆ. ಆಮೇಲೆ ಹಿಡಿಯುವ ಮಾತೇ ಇಲ್ಲ. ಹಿಡಿಯುವಾಗ ಒಂದೇ ಹಿಂಗಾಲು ಸಿಕ್ಕಿಬಿದ್ದರೆ ಮಿಡತೆ ಆ ಕಾಲನ್ನೇ ಕಳಚಿಕೊಟ್ಟು ಪಾರಾಗುತ್ತದೆ, ಕಳಚಿದ ಕಾಲು ಬೆಳೆದ ಮಿಡತೆಗೆ ಮತ್ತೆ ಬರುವುದಿಲ್ಲ. ಆದ್ದರಿಂದ ಹೆಬ್ಬೆರಳು ತೋರುಬೆರಳ ನಡುವೆ ಎದೆಯ ಭಾಗವನ್ನು ಹಗುರಾಗಿ ಹಿಡಿದು, ಒಣಹುಲ್ಲಿನ ಕಡ್ಡಿಯಿಂದ ಮೇಲ್ರೆಕ್ಕೆಯನ್ನು ಮುಂದಕ್ಕೆ ಸರಿಸಿ, ಹಿಂರೆಕ್ಕೆಯ ಮುಂಅಂಚನ್ನು ಎಳೆದರೆ ಬೀಸಣಿಗೆ ಬಿಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮಿಡತೆ ಬಾಯಿಂದ ಕಂದು ರಸ ಉಗುಳಿ ಬೆರಳಿಗೆ ಕಲೆ ಮಾಡುತ್ತದೆ. ಅದರಿಂದ ಅಪಾಯವಿಲ್ಲ. ಬುಡದ ಬಣ್ಣ ಯಾವುದು, ಪಟ್ಟಿ ಇದೆಯೇ, ಇದ್ದರೆ ಅಗಲವೋ ಸಣ್ಣದೋ, ಹಿಂಅಂಚಿನ ತನಕ ಮುಟ್ಟುತ್ತದೆಯೋ ನಡುವೆಯೇ ನಿಲ್ಲುತ್ತದೆಯೋ, ರೆಕ್ಕೆಯ ತುದಿ ತಿಳಿಯಾಗಿದೆಯೋ ಹೊಗೆ ಹಿಡಿದಂತಿದೆಯೋ ನೋಡಿಕೊಂಡು ಬಿಟ್ಟುಬಿಡಬಹುದು.

ಈ ಗುರುತುಗಳನ್ನು ಕೈಯಲ್ಲಿಟ್ಟುಕೊಂಡರೆ ದಖ್ಖನ್ನಿನ ಸಾಮಾನ್ಯ ಪಟ್ಟಿರೆಕ್ಕೆಗಳನ್ನು ಬೇರೆಬೇರೆ ಮಾಡುವುದು ಕಷ್ಟವಲ್ಲ.

ಟ್ರೈಲೊಫಿಡಿಯಾ ಆನ್ಯುಲೇಟಾ ಇವುಗಳಲ್ಲಿ ಚಿಕ್ಕದು, ತೀರ ಸಾಮಾನ್ಯವಾದದ್ದು. ಗಂಡು ಒಂದೂವರೆ ಸೆಂಟಿಮೀಟರಿನ ಆಸುಪಾಸು, ಹೆಣ್ಣು ಅದಕ್ಕಿಂತ ತುಸು ದೊಡ್ಡದು. ಮೈತುಂಬ ಕೂದಲು, ಕಣ್ಣುಗಳ ಹಿಂದೆ ತಲೆಯ ಮೇಲೆ ಎರಡು ಪುಟ್ಟ ಗುಬಟು. ಬೆನ್ನತಟ್ಟೆಯ ಏಣು ಎರಡು ಕಡೆ ಆಳವಾಗಿ ಕಡಿದು, ಪಕ್ಕದಿಂದ ನೋಡಿದರೆ ಹಲ್ಲಿನಂತೆ ಎದ್ದು ಕಾಣುತ್ತದೆ. ಹಿಂಗಾಲಿನ ಕಣಕಾಲು ಕಪ್ಪು, ಅದರ ಮೇಲೆ ಬಿಳಿಚು ಬಳೆಗಳು. ಆನ್ಯುಲೇಟಾ ಎಂದರೆ ಬಳೆ ತೊಟ್ಟದ್ದು ಎಂದೇ ಅರ್ಥ. ಹಿಂರೆಕ್ಕೆಯ ಬುಡ ತಿಳಿಹಳದಿ, ಹೊರಭಾಗ ಹೊಗೆಗಪ್ಪು. ಸ್ಪಷ್ಟ ಕಮಾನು ಪಟ್ಟಿ ಇಲ್ಲ. ಅಂಗಳದ ಅಂಚಿನಿಂದ ಬಂಡಿಹಾದಿಯವರೆಗೆ, ಮನುಷ್ಯ ತುಳಿದು ಗಟ್ಟಿ ಮಾಡಿದ ನೆಲದಲ್ಲೆಲ್ಲ ಹುಡುಕಬಹುದಾದದ್ದು ಇದು. ಮಿಡತೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಈಡಲಿಯಸ್ ಕುಲದ ಮಿಡತೆಗಳನ್ನು ರೆಕ್ಕೆ ಬಿಚ್ಚದೆಯೂ ಕುಲದ ಮಟ್ಟಿಗೆ ಗುರುತಿಸಬಹುದು. ಬೆನ್ನತಟ್ಟೆಯ ಮೇಲೆ ಬಿಳಿಯ ನಾಲ್ಕು ಗೀರುಗಳು ನಡುವೆ ಕೂಡಿದಂತೆ, ಗುಣಾಕಾರದ ಚಿಹ್ನೆಯಂತೆ ಕಾಣುತ್ತವೆ. ಹಿಂರೆಕ್ಕೆಯ ಬುಡ ಹಸಿರುಹಳದಿ, ಅದರಾಚೆ ಬಾಗಿದ ಕಪ್ಪು ಪಟ್ಟಿ. ಭಾರತದಲ್ಲಿ ಹೆಚ್ಚು ಕಾಣುವುದು ಈಡಲಿಯಸ್ ಅಬ್ರಪ್ಟಸ್. ಅದರ ಹತ್ತಿರದ ಸಂಬಂಧಿ ಈಡಲಿಯಸ್ ಸೆನೆಗಲೆನ್ಸಿಸ್ ಆಫ್ರಿಕದ ಸಾಹೇಲ್ ಸೀಮೆಯಲ್ಲಿ ಸಜ್ಜೆಯ ಬೆಳೆಗೆ ದೊಡ್ಡ ಕಂಟಕ, ರಾಜಸ್ಥಾನದ ಕಡೆಯೂ ಇದೆ. ಅದರ ಮೊಟ್ಟೆಗಳು ಒಣಗಾಲವನ್ನು ಮಣ್ಣಿನೊಳಗೇ ನಿದ್ದೆಯಲ್ಲಿ ಕಳೆದು, ಮುಂದಿನ ಮಳೆಗೆ ಒಟ್ಟಿಗೇ ಒಡೆಯುತ್ತವೆ. ಈ ಕುಲದೊಳಗೆ ಪ್ರಭೇದಗಳನ್ನು ಬೇರ್ಪಡಿಸುವುದು ಬೆನ್ನಗೀರಿನಿಂದ ಆಗದು. ಪಟ್ಟಿಯ ಆಕಾರ, ಕಣಕಾಲಿನ ಬಣ್ಣ ಎಲ್ಲವನ್ನೂ ಕೂಡಿಸಿ ನೋಡಬೇಕು. ಜೆ. ಎಂ. ರಿಚಿ ಈ ಕುಲವನ್ನು ಇಡಿಯಾಗಿ ಪರಿಷ್ಕರಿಸಿ 1981ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಆಧಾರ.

ಗ್ಯಾಸ್ಟ್ರಿಮಾರ್ಗಸ್ ಈ ಬಳಗದ ದೈತ್ಯ. ಹೆಣ್ಣು ಐದು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಬೆನ್ನತಟ್ಟೆಯ ಏಣು ಎತ್ತಿನ ಇಣಿಯಂತೆ ಕಮಾನಾಗಿ ಎದ್ದಿರುತ್ತದೆ, ಎಲ್ಲೂ ಕಡಿದಿರುವುದಿಲ್ಲ. ಹಿಂರೆಕ್ಕೆಯಲ್ಲಿ ಅರಿಶಿನದಂಥ ಹಳದಿ, ಅದನ್ನು ಸುತ್ತಿದ ಅಗಲವಾದ ಕಪ್ಪು ಪಟ್ಟಿ. ಹಾರಿದಾಗ ಹಳದಿ ಚಿಟ್ಟೆ ಎಂದು ಭ್ರಮೆ ಹುಟ್ಟಿಸುವುದು ಹೆಚ್ಚಾಗಿ ಇದೇ. ಬರಿನೆಲಕ್ಕಿಂತ ಹುಲ್ಲು ತುಸು ಎತ್ತರವಾಗಿರುವ ಬದು, ಹಳ್ಳದ ದಂಡೆ ಇದಕ್ಕೆ ಇಷ್ಟ.

ಆಕ್ರೊಟೈಲಸ್ ಇದಕ್ಕೆ ತೀರ ವಿರುದ್ಧ. ಸಣಕಲು ಕಾಲು, ಕೂದಲು ಮೈ, ಗಿಡ್ಡವಾಗಿ ನಡುವೆ ಅಮುಕಿದಂಥ ಬೆನ್ನತಟ್ಟೆ, ಇದೆಯೋ ಇಲ್ಲವೋ ಎನ್ನುವಂಥ ಏಣು. ಹಿಂರೆಕ್ಕೆಯ ಬುಡದಲ್ಲಿ ಬಣ್ಣ, ಅದರಾಚೆ ಬಿದಿಗೆ ಚಂದ್ರನ ಗೆರೆಯಂಥ ಕಪ್ಪು ಪಟ್ಟಿ. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿರುವುದು ಆಕ್ರೊಟೈಲಸ್ ಹಂಬರ್ಟಿಯಾನಸ್. ಮರಳು ಮಿಶ್ರಿತ ಮಸಾರಿ ಇದರ ಜಾಗ.

ಐಯೊಲೋಪಸ್ ಕುಲ ಹೆಸರಿಗೆ ಮಾತ್ರ ಪಟ್ಟಿರೆಕ್ಕೆ. ಅದರ ಹಿಂರೆಕ್ಕೆಯಲ್ಲಿ ಪಟ್ಟಿಯೇ ಇಲ್ಲ, ತೆಳು ಹಸಿರುಹಳದಿ ಛಾಯೆ ಅಷ್ಟೆ. ಐಯೊಲೋಪಸ್ ಥಲಾಸಿನಸ್ ಟಮುಲಸ್ ಕಬ್ಬಿನ ಗದ್ದೆ, ಕಾಲುವೆಯ ಪಕ್ಕ, ರಾತ್ರಿ ದೀಪದ ಕೆಳಗೆಲ್ಲ ಸಿಗುವ ಮಿಡತೆ. ಕಣಕಾಲಿನ ತುದಿ ಕೆಂಪಗೆ ಇರುತ್ತದೆ. ಇದರ ಸಂಬಂಧಿಯೂ ಭಾರತವಾಸಿಯೂ ಆದ ಐಯೊಲೋಪಸ್ ಸಿಮ್ಯುಲಾಟ್ರಿಕ್ಸ್ ಸುಡಾನಿನ ಕಪ್ಪು ಜೇಡಿನೆಲದಲ್ಲಿ ಬೇಸಿಗೆಯನ್ನು ಕಳೆಯುವ ರೀತಿ ಎರೆಸೀಮೆಯವರಿಗೆ ಕುತೂಹಲ ಹುಟ್ಟಿಸುವಂಥದ್ದು. ನೆಲ ಬಿರಿದಾಗ ಬೆಳೆದ ಮಿಡತೆಗಳು ಬಿರುಕಿನೊಳಗೆ ಇಳಿದು, ಮಳೆಯ ತನಕ ಅಲ್ಲೇ ನೆರಳಿನಲ್ಲಿ ಉಳಿಯುತ್ತವೆ. ಬಸವಕಲ್ಯಾಣದ ಎರೆಹೊಲ ಚೈತ್ರ ವೈಶಾಖದಲ್ಲಿ ಬಿರಿಯುವುದೂ ಕೈ ಇಳಿಯುವಷ್ಟು ಆಳಕ್ಕೆ. ಬೇಸಿಗೆಯಲ್ಲಿ ಮಿಡತೆ ಹುಡುಕುವವರು ಹುಲ್ಲು ಬಿಟ್ಟು ಬಿರುಕುಗಳನ್ನೂ ನೋಡಬೇಕು.

ಸ್ಫಿಂಗೊನೋಟಸ್ ಪಶ್ಚಿಮದ ಒಣನಾಡಿನ ನಿಜವಾದ ಒಡೆಯ. ಸಹಾರಾದಿಂದ ಥಾರ್ ತನಕ ಇದರ ಪ್ರಭೇದಗಳ ಸಂತೆಯೇ ಇದೆ. ನೀಳ ಮೈ, ಉದ್ದ ರೆಕ್ಕೆ. ಬೆನ್ನತಟ್ಟೆಯ ಮುಂಭಾಗ ಇಕ್ಕಟ್ಟು, ಹಿಂಭಾಗ ಅಗಲ ಚಪ್ಪಟೆ. ಕೆಲವುಗಳ ಹಿಂರೆಕ್ಕೆ ನೀಲಿ ಛಾಯೆಯದ್ದು, ಕೆಲವಕ್ಕೆ ಪಟ್ಟಿ ಉಂಟು, ಸ್ಫಿಂಗೊನೋಟಸ್ ರೂಬೆಸೆನ್ಸ್‌ನಂಥವುಗಳಲ್ಲಿ ಪಟ್ಟಿಯೂ ಇಲ್ಲ, ಬಣ್ಣವೂ ಇಲ್ಲ, ಗಾಜಿನಂಥ ರೆಕ್ಕೆ. ಹುಲ್ಲೇ ಇಲ್ಲದ ಕಲ್ಲುಹಾಸು, ಜಂಬಿಟ್ಟಿಗೆ ಗಣಿಯ ಹಳೆಯ ತಳ, ಮುರಂ ತೆಗೆದು ಬಿಟ್ಟ ಗುಂಡಿಯ ಸುತ್ತಲಿನ ನೆಲ, ಇಂಥಲ್ಲಿ ಇದನ್ನು ಅರಸಬೇಕು. ಪ್ರಭೇದದ ಹೆಸರು ಹಚ್ಚುವ ಆತುರ ಈ ಕುಲದಲ್ಲಿ ಮಾತ್ರ ಬೇಡ. ತಜ್ಞರೂ ಸಂಗ್ರಹಾಲಯದ ಮಾದರಿ ಎದುರಿಟ್ಟುಕೊಂಡೇ ಇದನ್ನು ನಿರ್ಧರಿಸುತ್ತಾರೆ.

ಗಂಡು ಹೆಣ್ಣು, ಮರಿ ಬೆಳೆದದ್ದು ಎಂಬ ಭೇದವನ್ನೂ ತಿಳಿದಿರಬೇಕು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮಣ್ಣು ಬಗೆಯುವ ಗಿಡ್ಡ ಕೊಕ್ಕೆಗಳು ಬಾಯಿ ತೆರೆದಂತೆ ಕಾಣುತ್ತವೆ. ಗಂಡಿನದು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿದ ಉರುಟು ತುದಿ. ಮರಿಗಳಿಗೆ ರೆಕ್ಕೆಯ ಜಾಗದಲ್ಲಿ ಮೊಗ್ಗಿನಂಥ ಚಪ್ಪೆಗಳಿರುತ್ತವೆ. ಕೊನೆಯ ಹಂತಗಳಲ್ಲಿ ಆ ಚಪ್ಪೆಗಳು ತಿರುವುಮುರುವಾಗಿ, ಹಿಂರೆಕ್ಕೆಯದು ಮುಂರೆಕ್ಕೆಯ ಮೇಲೆ ಕೂತಿರುತ್ತದೆ. ಬೆಳೆದ ಮೇಲೂ ರೆಕ್ಕೆ ಬಾರದ ಮಿಡತೆಗಳನ್ನು ಮರಿಗಳಿಂದ ಬೇರೆ ಮಾಡಲು ಇದು ನೆರವಾಗುತ್ತದೆ. ಅಂಥ ರೆಕ್ಕೆಯಿಲ್ಲದ ಮಿಡತೆಯೊಂದು ಈ ಸೀಮೆಯ ಕೃಷಿ ಚರಿತ್ರೆಯಲ್ಲಿ ದೊಡ್ಡ ಹೆಸರು: ಜೋಳದ ಮಿಡತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿ 1911ರಲ್ಲಿ ಪುಸ್ತಿಕೆ ತಂದರು. ಅದರ ವೈಜ್ಞಾನಿಕ ಹೆಸರಾದ ಕೋಲ್ಮೇನಿಯಾ ಸ್ಫೆನೇರಿಯಾಯ್ಡಿಸ್‌ನಲ್ಲಿ ಅವರ ಹೆಸರೇ ಇದೆ.

ಮೊದಲ ಮಳೆ ಬಿದ್ದು ಕಾರಹುಣ್ಣಿಮೆ ಬರುವ ಹೊತ್ತಿಗೆ ಮರಿಗಳು ಮಣ್ಣಿನಿಂದ ಹೊರಬರತೊಡಗುತ್ತವೆ. ಮುಂಗಾರು ರಾಶಿ ಮುಗಿದು ಹೊಲ ಬಯಲಾದಾಗ ಬೆಳೆದ ಮಿಡತೆಗಳು ಹೆಚ್ಚು. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ ಊಟ ಮಾಡುವ ದಿನ ಬದುವಿನ ಮೇಲೆ ನಡೆದರೆ, ಬಿಸಿಲಿಗೆ ಮೈಯೊಡ್ಡಿದ ಮಿಡತೆಗಳು ಕಾಲ ಮುಂದೆಯೇ ಏಳುತ್ತವೆ. ಹೆಣ್ಣು ಹೊಟ್ಟೆಯನ್ನು ದುರ್ಬೀನಿನ ಕೊಳವೆಯಂತೆ ನೀಳ ಮಾಡಿ ಮಣ್ಣಿಗೆ ಇಳಿಸಿ, ನೊರೆಯೊಂದಿಗೆ ಮೊಟ್ಟೆಯಿಡುತ್ತದೆ. ನೊರೆ ಒಣಗಿ ಮೊಟ್ಟೆಗಳ ಸುತ್ತ ಚೀಲವಾಗುತ್ತದೆ. ಈ ಚೀಲಗಳನ್ನು ಹುಡುಕಿ ತಿನ್ನುವ ಮರಿಹುಳುವೊಂದಿದೆ. ಅದರ ತಾಯಿ ತಂದೆಯನ್ನು ತೊಗರಿ ಬೆಳೆಯುವ ಎಲ್ಲರೂ ಬಲ್ಲರು: ಕಪ್ಪು ಮೈಗೆ ಕಿತ್ತಳೆ ಪಟ್ಟೆಯ, ಹೂ ತಿನ್ನುವ, ಮುಟ್ಟಿದರೆ ಬೊಬ್ಬೆ ಏಳಿಸುವ ದುಂಬಿ. ಬೆಳೆದಾಗ ತೊಗರಿ ಹೂವಿಗೆ ಶತ್ರು, ಮರಿಯಾಗಿದ್ದಾಗ ಮಿಡತೆಯ ಮೊಟ್ಟೆಗೆ ಶತ್ರು.

ಮಿಡತೆ ತಿಂದು ಬದುಕುವವರ ಪಟ್ಟಿ ಉದ್ದವಿದೆ. ದನಗಳ ಹಿಂದೆ ನಡೆಯುವ ಬೆಳ್ಳಕ್ಕಿ, ತಂತಿಯ ಮೇಲೆ ಕಾದು ಕೂರುವ ರಾಜ್ಯಪಕ್ಷಿ ನೀಲಕಂಠ, ಚಳಿಗಾಲಕ್ಕೆ ದೂರದ ಉತ್ತರದಿಂದ ಬಂದು ದಖ್ಖನ್ನಿನ ಹುಲ್ಲುಬಯಲಿನ ಮೇಲೆ ತಗ್ಗಿನಲ್ಲೇ ತೇಲುವ ಸೆಳೆವ ಹದ್ದುಗಳು. ಹಿಂರೆಕ್ಕೆಯ ಬಣ್ಣದ ಅರ್ಥ ಇಲ್ಲಿ ಸಿಗುತ್ತದೆ. ಹಕ್ಕಿಯ ಕಣ್ಣು ಹಾರುವ ಹಳದಿಯ ಬೆನ್ನು ಹತ್ತುತ್ತದೆ. ಮಿಡತೆ ತಟ್ಟನೆ ರೆಕ್ಕೆ ಮಡಿಚಿ ಇಳಿದಾಗ ಹುಡುಕುತ್ತಿದ್ದ ಬಣ್ಣವೇ ಮಾಯ. ಗಾಯರಾಣವನ್ನು ಉತ್ತು ಹಾಕಿದರೆ, ಮಡ್ಡಿಗೆ ಮಣ್ಣು ಹೊಡೆಸಿ ಮಟ್ಟ ಮಾಡಿದರೆ ಮೊದಲು ಹೋಗುವುದು ಈ ಮಿಡತೆ, ಅದರ ಬೆನ್ನಿಗೇ ಈ ಹಕ್ಕಿಗಳು.

ಸರಿಯಾದ ಗುರುತು ಎಷ್ಟು ಮುಖ್ಯ ಎನ್ನುವುದು 2020ರ ಮೇ ತಿಂಗಳಲ್ಲಿ ಕರ್ನಾಟಕಕ್ಕೆ ಗೊತ್ತಾಯಿತು. ರಾಜಸ್ಥಾನದಿಂದ ಹೊರಟ ಮರುಭೂಮಿ ಮಿಡತೆಯ ದಂಡು ಮಹಾರಾಷ್ಟ್ರದ ವಿದರ್ಭಕ್ಕೆ ಬಂದಾಗ ಬೀದರ್ ಸೇರಿದಂತೆ ಗಡಿ ಜಿಲ್ಲೆಗಳಿಗೆ ಎಚ್ಚರಿಕೆ ಹೋಯಿತು. ಅದೇ ದಿನಗಳಲ್ಲಿ ದೂರದ ಕೋಲಾರದಲ್ಲಿ ಎಕ್ಕದ ಗಿಡಗಳನ್ನು ಮುತ್ತಿದ್ದ ಮಿಡತೆಗಳನ್ನು ಕಂಡು ದಂಡೇ ಬಂತೆಂದು ಜನ ಹೆದರಿದರು. ಅವು ಎಕ್ಕವನ್ನು ಬಿಟ್ಟು ಹೊಲಕ್ಕೆ ಬಾರದ ಬಣ್ಣದ ಮಿಡತೆಗಳು ಎಂದು ಅಧಿಕಾರಿಗಳು ತಿಳಿಸಬೇಕಾಯಿತು. ಮರುಭೂಮಿ ಮಿಡತೆ ಪಟ್ಟಿರೆಕ್ಕೆ ಬಳಗದ್ದಲ್ಲ, ಅದಕ್ಕೆ ಗಂಟಲಮೊಳೆ ಇದೆ. ಆದರೆ ದಂಡು ಕಟ್ಟುವ ಇನ್ನೊಂದು ಜಗತ್ಪ್ರಸಿದ್ಧ ಮಿಡತೆ, ಲೊಕಸ್ಟಾ ಮೈಗ್ರಟೋರಿಯಾ, ಈ ಬಳಗದ್ದೇ. ಅದರ ಹಿಂರೆಕ್ಕೆಯಲ್ಲೂ ಪಟ್ಟಿ ಇಲ್ಲ. ಒಂಟಿಯಾಗಿ ಬೆಳೆದಾಗ ಒಂದು ರೂಪ, ಗುಂಪಿನಲ್ಲಿ ಬೆಳೆದಾಗ ಇನ್ನೊಂದು ರೂಪ ತಾಳುವ ಅದನ್ನು ಎರಡು ಪ್ರಭೇದ ಎಂದೇ ಎಣಿಸಿದ್ದರು. ಎರಡೂ ಒಂದೇ ಎಂದು ಬೋರಿಸ್ ಉವರೊವ್ 1921ರಲ್ಲಿ ತೋರಿಸಿದರು. ದಂಡುಮಿಡತೆಗಳ ಇಡೀ ವಿಜ್ಞಾನ ನಿಂತಿರುವುದು ಗುರುತಿಸುವಿಕೆಯ ಆ ಒಂದು ತಿದ್ದುಪಡಿಯ ಮೇಲೆ.

ಈ ಮಿಡತೆಗಳಿಗೆ ಹೆಸರಿಟ್ಟವರು ಬಹಳ ಮಂದಿ ಇಲ್ಲಿಗೆ ಕಾಲಿಟ್ಟವರೇ ಅಲ್ಲ. ಟಮುಲಸ್ ಎಂಬ ಹೆಸರು 1798ರಲ್ಲಿ ಫೆಬ್ರಿಸಿಯಸ್ ಕೊಟ್ಟದ್ದು. ಅಬ್ರಪ್ಟಸ್, ಆನ್ಯುಲೇಟಾ ಎರಡೂ ಲಿನೇಯಸ್‌ನ ಶಿಷ್ಯ ಥುನ್‌ಬರ್ಗ್ 1815ರಲ್ಲಿ ಇಟ್ಟವು. ಹಂಬರ್ಟಿಯಾನಸ್ 1884ರಲ್ಲಿ ಜಿನೀವಾದ ಸೊಸ್ಯೂರ್ ಇಟ್ಟದ್ದು. ಚದುರಿದ್ದ ಈ ಹೆಸರುಗಳನ್ನೆಲ್ಲ ಡಬ್ಲ್ಯು. ಎಫ್. ಕಿರ್ಬಿ ಒಂದೆಡೆ ತಂದ ಸಂಪುಟ ಅವರು ತೀರಿಕೊಂಡ ಮೇಲೆ, 1914ರಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಹೊರಬಂತು. ಭಾರತದ ಮಿಡತೆ ಹಿಡಿದವರು ಇಂದಿಗೂ ಮೊದಲು ತೆರೆಯುವುದು ಆ ಪುಸ್ತಕವನ್ನೇ. ಉತ್ತರ ಅಮೆರಿಕದ ಪಟ್ಟಿರೆಕ್ಕೆಗಳಿಗೆ ಡೇನಿಯಲ್ ಒಟ್ಟೆ 1984ರಲ್ಲಿ ಬಣ್ಣದ ಚಿತ್ರಗಳೊಡನೆ ಒಂದಿಡೀ ಸಂಪುಟ ಬರೆದುಕೊಟ್ಟರು. ದಖ್ಖನ್ನಿನ ಮಿಡತೆಗಳಿಗೆ ಕನ್ನಡದಲ್ಲಿ ಅಂಥದ್ದೊಂದು ಕೈಪಿಡಿ ಬರಲೇಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಊರಿನವರೇ ಕೂಡಿಸಬಹುದಾದಂಥದ್ದು. ಮೇಲಿನಿಂದ ತೆಗೆದ ಒಂದೇ ಒಂದು ಮೊಬೈಲ್ ಚಿತ್ರದಿಂದ ಪಟ್ಟಿರೆಕ್ಕೆಯ ಹೆಸರು ಹೇಳಲಾಗದು. ಮೂರು ಚಿತ್ರ ಬೇಕು: ಬೆನ್ನತಟ್ಟೆಯ ಏಣು ಕಾಣುವಂತೆ ಪಕ್ಕದಿಂದ ಒಂದು, ಬಿಚ್ಚಿದ ಹಿಂರೆಕ್ಕೆಯದು ಒಂದು, ಹಿಂಗಾಲಿನ ಒಳಮೈ ಮತ್ತು ಕಣಕಾಲಿನ ಬಣ್ಣದ್ದು ಒಂದು. ಸತ್ತ ಮಿಡತೆ ಸಿಕ್ಕರೆ ಒಂದು ಬದಿಯ ರೆಕ್ಕೆಗಳನ್ನು ಹರಡಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಇಡಬೇಕು. ಬಣ್ಣ ಬೇಗ ಮಾಸುವುದರಿಂದ ರೆಕ್ಕೆಯ ಬಣ್ಣವನ್ನು ಅಂದೇ ಬರೆದಿಡಬೇಕು. ಪೊಟ್ಟಣದ ಮೇಲೆ ಊರು, ತಾಲ್ಲೂಕು, ತಾರೀಕು, ಹೊತ್ತು, ನೆಲ ಎರೆಯೋ ಮಸಾರಿಯೋ ಮುರಮೋ, ಸುತ್ತ ಹುಲ್ಲೋ ಬೆಳೆಯೋ ಬರಿನೆಲವೋ, ಇಷ್ಟೂ ಇರಬೇಕು. ಊರು ಮತ್ತು ತಾರೀಕು ಬರೆಯದ ಮಾದರಿಯನ್ನು ಯಾವ ಸಂಗ್ರಹಾಲಯವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.